ಕರಟದ ಬಿಲ್ಲೆ

ಮ್ಯಾಂಡೊಲಿನ್ ಹೊಸಿಲು ದಾಟುವ ಮೊದಲು ಧರ್ಮಾವತಮ್ಮ ಅದನ್ನು ಜಗಲಿಯ ಮೇಲೆ ಮಲಗಿಸಿ ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದರು. ಹೆಣ್ಣು ನೋಡಲು ಬಂದ ಬೀಗಿತ್ತಿ ಕೂಡ ಅಷ್ಟು ಕೂಲಂಕಷವಾಗಿ ನೋಡುವುದಿಲ್ಲ. ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಮರ. ತಂತಿಯನ್ನು ಉಗುರಿನಿಂದ ಎಳೆದು ಬಿಟ್ಟರು. ಉಕ್ಕು. ನಡುವಿನ ತೂತಿಗೆ ಒಂದು ಕಣ್ಣಿಟ್ಟು ಇಣುಕಿದರು. ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಚರ್ಮ ಎಲ್ಲೂ ಇಲ್ಲ ತಾನೇ?"

"ಇಲ್ಲ ಅತ್ತೆ. ಮೃದಂಗಕ್ಕೆ, ತಬಲಕ್ಕೆ ಚರ್ಮ ಬೇಕು. ಇದಕ್ಕೆ ಬರೀ ಮರ, ತಂತಿ."

"ನರ?"

"ನರಾನೂ ಇಲ್ಲ."

"ಮತ್ತೆ ಇದೇನೋ?"

ಅವರ ಅಂಗೈಯಲ್ಲಿದ್ದದ್ದು ತಂತಿ ಮೀಟುವ ಬಿಲ್ಲೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಮೂರು ಮೂಲೆ, ಹೊಗೆ ಹಿಡಿದ ಬೆಲ್ಲದ ಬಣ್ಣ. ಅನಂತರಾಜ ಅದನ್ನು ನೋಡಿದ, ಅತ್ತೆಯ ಮುಖ ನೋಡಿದ.

"ಕರಟ ಕಣತ್ತೆ," ಅಂದುಬಿಟ್ಟ. "ನಮ್ಮ ಅರಸೀಕೆರೆ ತೆಂಗಿನಕಾಯಿ ಕರಟ. ಉಜ್ಜಿ ಉಜ್ಜಿ ನುಣುಪು ಮಾಡಿರೋದು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದವನಿಗೇ ಅದು ಸುಳ್ಳೆಂದು ನಾಟಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಧರ್ಮಾವತಮ್ಮ ಮ್ಯಾಂಡೊಲಿನ್ನನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಆ ಮನೆ ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಯಲ್ಲಿತ್ತು, ಬಸದಿಗಳಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಧರ್ಮಾವತಮ್ಮ ಅನಂತರಾಜನ ತಂದೆಯ ಅಕ್ಕ. ಮದುವೆಯಾದ ಎರಡನೇ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಬ್ಬಲಿಯಾದ ತಮ್ಮನ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದರು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹತ್ತಿಕೊಂಡ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಟ್ಟು ಬರುವ ಹೆಂಗಸು ಅವರು. ಪೊರಕೆ ಹಿಡಿದರೆ ಇರುವೆಗೆ ಮೊದಲು ದಾರಿ ಬಿಡುತ್ತಿದ್ದರು. ಅನಂತರಾಜ ಇನ್ನೂ ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಒಮ್ಮೆ ರಸ್ತೆಯ ಮೇಲೆ ದಾರಿ ತಪ್ಪಿ ಬಂದ ಆಮೆಯೊಂದು ಸಿಕ್ಕಿತ್ತು. ಗಾಡಿಯ ಚಕ್ರಕ್ಕೆ ಸಿಕ್ಕೀತೆಂದು ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಇವನ ಕೈ ಹಿಡಿದುಕೊಂಡು, ಕೆರೆಯವರೆಗೆ ನಡೆದು, "ಹೋಗಮ್ಮ, ನಿನ್ನ ಮನೆಗೆ ಹೋಗು" ಎಂದು ನೀರಿಗೆ ಬಿಟ್ಟಿದ್ದರು. ಜಗಲಿಯ ಮೇಲೆ ಬಿಲ್ಲೆ ಹಿಡಿದು ಕೇಳಿದಾಗ ಅನಂತರಾಜನ ಬಾಯಿಂದ ನಿಜ ಹೊರಡದೆ ಇದ್ದದ್ದು ಆ ಆಮೆಯ ದೆಸೆಯಿಂದಲೇ. ಏಕೆಂದರೆ ಬಿಲ್ಲೆ ಆಮೆಚಿಪ್ಪಿನದು.

ಅದನ್ನು ಕೊಟ್ಟವರು ಗಾರ್ಡ್ ಫರ್ನಾಂಡಿಸ್. ಅನಂತರಾಜ ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಸಂಜೆ ಮಂಡಿ ಬಾಗಿಲು ಹಾಕಿದ ಮೇಲೆ ರೈಲ್ವೆ ಕ್ವಾರ್ಟರ್ಸ್ ಕಡೆ ಹೋದರೆ ಆ ಗೋವೆಯ ಮನುಷ್ಯ ಬನಿಯನ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಮ್ಯಾಂಡೊಲಿನ್ ಬಾರಿಸುತ್ತಿದ್ದರು. ಕಾಂಪೌಂಡಿನ ಹೊರಗೆ ನಿಂತು ಕೇಳಿದ, ಒಳಗೆ ಕೂತು ಕೇಳಿದ, ಕೊನೆಗೆ ಕಲಿತ. ಹುಬ್ಬಳ್ಳಿಗೆ ವರ್ಗವಾದಾಗ ಫರ್ನಾಂಡಿಸ್ ತಮ್ಮಲ್ಲಿದ್ದ ಎರಡು ವಾದ್ಯಗಳಲ್ಲಿ ಹಳೆಯದನ್ನು ಶಿಷ್ಯನಿಗೆ ಕೊಟ್ಟು, ಜೊತೆಗೆ ಬಿಲ್ಲೆಯನ್ನು ಅವನ ಅಂಗಿಯ ಜೇಬಿಗೆ ತುರುಕಿದ್ದರು. "ಆಮೆಚಿಪ್ಪು ಮ್ಯಾನ್, ಸಮುದ್ರದ ಆಮೆ. ನಮ್ಮ ಅಜ್ಜಂದು. ಕಳೀಬೇಡ."

ಅನಂತರಾಜನಿಗೆ ಆಗಲೇ ಇರಿಸುಮುರಿಸಾಯಿತು, ಇಲ್ಲವೆನ್ನಲಾಗದು. ರೂಮಿಗೆ ಹೋಗಿ ನಿಜವಾಗಿಯೂ ಒಂದು ಕರಟದ ಚೂರನ್ನು ತಿಕ್ಕಿ ನೋಡಿದ. ಅದು ತಂತಿಯನ್ನು ಕೆರೆಯಿತು. ಹಳೆಯ ಬಾಚಣಿಗೆ ಕತ್ತರಿಸಿ ನೋಡಿದ, ಮುರಿಯಿತು. ಬರಿ ಬೆರಳಿನಿಂದ ಮೀಟಿದರೆ ಸ್ವರ ಹುಟ್ಟಿದ ಜಾಗದಲ್ಲೇ ಸಾಯುತ್ತಿತ್ತು, ಜೋಡಿ ತಂತಿ ಬೆರಳ ತುದಿಯನ್ನು ಸೀಳುತ್ತಿತ್ತು. ಆಮೆಚಿಪ್ಪು ಹಿಡಿದು ಮಣಿಕಟ್ಟನ್ನು ಸಡಿಲ ಬಿಟ್ಟರೆ ಮಾತ್ರ ಒಂದು ಸ್ವರ ನಿಂತು, ನಡುಗಿ, ಇನ್ನೊಂದರೊಳಗೆ ಹರಿದು ಹೋಗುತ್ತಿತ್ತು. ಆ ಸುಖಕ್ಕೆ ಅವನು ಸೋತ. ಆಮೆ ಸತ್ತು ಎಷ್ಟೋ ಕಾಲವಾಯಿತು, ನಾನೇನು ಕೊಂದೆನೇ ಎಂದು ಸಮಾಧಾನ ಹೇಳಿಕೊಂಡ. ತನಗೆ ಬೇಕಾದಾಗ ಇಂಥ ಸಮಾಧಾನ ಯಾರಿಗೆ ತಾನೇ ಸಿಗುವುದಿಲ್ಲ!

ಅವನು ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಐವತ್ತೇಳನೇ ಇಸವಿಯ ಭಾದ್ರಪದಕ್ಕೆ ಧರ್ಮಾವತಮ್ಮನ ಅನಂತನ ನೋಂಪಿ ಮುಗಿಯುವುದಿತ್ತು. ಭಾದ್ರಪದದ ಚತುರ್ದಶಿಯ ದಿನ ಉಪವಾಸವಿದ್ದು, ಹದಿನಾಲ್ಕು ವರ್ಷ ತಪ್ಪದೆ ನಡೆಸಿ, ಕೊನೆಯ ವರ್ಷ ಬಸದಿಯಲ್ಲಿ ಉದ್ಯಾಪನೆ ಮಾಡಿದರೆ ಮಾತ್ರ ಪೂರೈಸುವ ವ್ರತ ಅದು. ಅವರು ಅದನ್ನು ಹಿಡಿದದ್ದು ಅನಂತರಾಜನಿಗೆ ಹತ್ತನೇ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂದು ಡಾಕ್ಟರು ಕೈಚೆಲ್ಲಿದ ವರ್ಷ. ಹುಡುಗ ಉಳಿದ. ವ್ರತವೂ ಉಳಿಯಿತು. ನೆಗಡಿ, ಜ್ವರ, ಮನೆಯ ಸಾವುನೋವು ಯಾವುದಕ್ಕೂ ಅವರು ಅದನ್ನು ತಪ್ಪಿಸಲಿಲ್ಲ.

"ಉದ್ಯಾಪನೆ ದಿವಸ ನೀನು ಬಸದೀಲಿ ನುಡಿಸ್ಬೇಕು," ಅಂದರು. "ಮಂಗಳಾರತಿ ಹೊತ್ತಿಗೆ. ನಾವು ಹೆಂಗಸರು ಆರತಿ ಹಾಡು ಹೇಳ್ತೀವಲ್ಲ, ಅದೇ ಧಾಟಿ ಸಾಕು."

ಬಸದಿಯ ಮೇಲ್ವಿಚಾರಣೆ ಧರಣಪ್ಪನವರದು. ತೋಟ, ತೆಂಗಿನಕಾಯಿ ವ್ಯಾಪಾರ ಎರಡೂ ಇದ್ದ ಜಮೀನುದಾರರು, ಮಾತಿನಲ್ಲಿ ಬಿಗಿ, ಆಚಾರದಲ್ಲಿ ಇನ್ನೂ ಬಿಗಿ. ಸೊಂಟದ ಬೆಲ್ಟು ಬಿಚ್ಚದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಓಲಗದವರ ಡೋಲಿಗೂ ಚರ್ಮವಿದೆಯೆಂದು ಅವರನ್ನು ಪೌಳಿಯ ಹೊರಗೇ ಕೂರಿಸುತ್ತಿದ್ದರು. ಅಂಥವರ ಹತ್ತಿರ ಧರ್ಮಾವತಮ್ಮ ತಾವೇ ಹೋಗಿ, ಚರ್ಮವಿಲ್ಲದ ವಾದ್ಯ, ನರವಿಲ್ಲದ ತಂತಿ, ಮೀಟುವುದಕ್ಕೆ ಕರಟ ಎಂದು ಒಂದೊಂದೇ ಹೇಳಿ ಒಪ್ಪಿಸಿಕೊಂಡು ಬಂದರು. ಆಮೇಲೆ ಊರೆಲ್ಲ ಹೇಳಿದರು. ನೀರಿನ ಬಾವಿಯ ಹತ್ತಿರ, ಬಳೆಗಾರನ ಮುಂದೆ, ಜಾವಗಲ್ಲಿನಿಂದ ಬಂದ ನೆಂಟರ ಮುಂದೆ. "ನಮ್ಮ ಹುಡುಗ ಕರಟದಲ್ಲಿ ಸಂಗೀತ ಹೊರಡಿಸ್ತಾನೆ ಕಣ್ರೀ!" ಅವನು ರಜೆಗೆ ಬಂದಾಗಲೆಲ್ಲ ಯಾರಾದರೂ "ಎಲ್ಲಯ್ಯ ನಿನ್ನ ಕರಟ?" ಎಂದು ಕೇಳುವರು. ಅನಂತರಾಜ ಹಲ್ಲು ಕಿರಿಯುವನು. ಆಮೇಲೆ ಬೇಗಬೇಗ ಮನೆಯ ಕಡೆ ಹೆಜ್ಜೆ ಹಾಕುವನು.

ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅರಸೀಕೆರೆಯಲ್ಲಿ ಬಸ್ಸು ಹತ್ತುತ್ತಿದ್ದ. ಜಾವಗಲ್ ದಾಟುವಾಗ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಹಳೇಬೀಡಿನಲ್ಲಿ ಇಳಿದು ಮನೆಗೆ ಬಂದರೆ ಅತ್ತೆ ಬಿಲ್ಲೆಯನ್ನು ಇಸಿದುಕೊಂಡು ಕೊಬ್ಬರಿ ಎಣ್ಣೆ ಸವರಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಗೂಡಿನಲ್ಲಿಡುತ್ತಿದ್ದರು. ಅದನ್ನು ನೋಡಿದ ಮೇಲೆ ಜೋಡಿಸಿದ ಮಾತು ಎಲ್ಲಿ ನಿಲ್ಲುತ್ತದೆ?

ಕೊನೆಗೆ ಅವನು ಒಂದು ಉಪಾಯ ಮಾಡಿದ. ಹೇಳುವುದೂ ಬೇಡ, ಪಾಪವೂ ಬೇಡ. ಉದ್ಯಾಪನೆಯ ಬೆಳಿಗ್ಗೆ ಬಿಲ್ಲೆಯನ್ನು ಗೂಡಿನಲ್ಲೇ ಬಿಟ್ಟು, ಮ್ಯಾಂಡೊಲಿನ್ ಒಂದನ್ನೇ ಎತ್ತಿಕೊಂಡು ಬಸದಿಗೆ ಹೋದ. ಬರಿ ಬೆರಳಿನಿಂದ ನುಡಿಸಿದರಾಯಿತು, ಚೆನ್ನಾಗಿ ಬರದಿದ್ದರೆ ಬೇಡ. ಹೀಗೆ ನಿಶ್ಚಯಿಸಿದ ಮೇಲೆ ಮೈಯೆಲ್ಲ ಹಗುರವಾಗಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ತಾನೇ ಮಾತನಾಡಿಸಿದ.

ಪಾರ್ಶ್ವನಾಥ ಬಸದಿಯ ನಡುವಿನ ಕಂಬಗಳು ಕನ್ನಡಿಯಷ್ಟು ನುಣುಪು. ಎದುರು ಕೂತವನ ಮುಖ ಅದರಲ್ಲಿ ಕಾಣುತ್ತದೆ, ಆದರೆ ಸೊಟ್ಟಗೆ. ಅನಂತರಾಜನಿಗೆ ಒಂದು ಕಂಬದ ಬುಡದಲ್ಲಿ ಚಾಪೆ ಹಾಕಿದ್ದರು. ಅಭಿಷೇಕ ಮುಗಿಯಿತು. ಧರ್ಮಾವತಮ್ಮ ಬಿಳಿ ಸೀರೆಯುಟ್ಟು, ತೋಳಿಗೆ ನೋಂಪಿಯ ದಾರ ಕಟ್ಟಿಕೊಂಡು ಎಲ್ಲರ ಮುಂದೆ ಕೂತಿದ್ದರು. ಹಿಂದಿನ ದಿನದಿಂದ ನೀರೂ ಮುಟ್ಟದ ಮುಖ ಬಾಡಿತ್ತು, ಕಣ್ಣು ಮಾತ್ರ ಮದುವಣಗಿತ್ತಿಯ ಕಣ್ಣು. ಪುರೋಹಿತರು ಆರತಿ ಎತ್ತಿಕೊಂಡು ಇವನ ಕಡೆ ನೋಡಿದರು.

ಅನಂತರಾಜ ಬೆರಳಿನಿಂದ ಮೀಟಿದ. ಸ್ವರ ಹುಟ್ಟಿತೋ ಇಲ್ಲವೋ ಅವನಿಗೇ ಅನುಮಾನ. ಅಷ್ಟೆತ್ತರದ ಕಲ್ಲಿನ ಚಾವಣಿ ಅದನ್ನು ನುಂಗಿಹಾಕಿತು. ಎರಡನೇ ಸಾಲಿನಲ್ಲಿದ್ದವರು ಕತ್ತು ಮುಂದೆ ಚಾಚಿದರು. ಹಿಂದೆ ಯಾರೋ ಹೆಂಗಸು ಕಿಸಕ್ಕೆಂದಳು.

"ಏನೂ ಕೇಳ್ತಾ ಇಲ್ವಲ್ಲಯ್ಯ," ಅಂದರು ಧರಣಪ್ಪನವರು.

ಧರ್ಮಾವತಮ್ಮ ತಿರುಗಿ ನೋಡಿದರು. ಅವರ ಮುಖದಲ್ಲಿ ಒಂದು ಕ್ಷಣ ಗಾಬರಿ, ಆಮೇಲೆ ನಗು. ಸೆರಗಿನ ತುದಿಯ ಗಂಟನ್ನು ಬಿಚ್ಚುತ್ತ ಎದ್ದು ಬಂದರು.

"ಮರೆಗುಳಿ! ಕರಟ ಗೂಡಲ್ಲೇ ಬಿಟ್ಟು ಬಂದಿದ್ದೀಯ. ನಾನು ನೋಡಿ ತಂದಿದ್ದಕ್ಕೆ ಸರಿಹೋಯ್ತು, ತಗೋ."

ಅಂಗೈಯ ಮೇಲೆ ಬಿಲ್ಲೆ. ಬೆಳಿಗ್ಗೆಯೂ ಎಣ್ಣೆ ಸವರಿದ್ದರೆಂದು ಕಾಣುತ್ತದೆ, ಮಿರಿಮಿರಿ ಮಿಂಚುತ್ತಿತ್ತು.

ಬೇಡ ಅತ್ತೆ ಅನ್ನಬಹುದಾಗಿತ್ತು. ಎರಡೇ ಮಾತು. ಆದರೆ ಕಿಸಕ್ಕೆಂದ ನಗು ಅವನ ಕಿವಿಯಲ್ಲಿತ್ತು, ಜಾವಗಲ್ಲಿನ ನೆಂಟರು ಎದುರಿಗೇ ಕೂತಿದ್ದರು, ಧರಣಪ್ಪನವರು ಹುಬ್ಬೇರಿಸಿದ್ದರು. ಅನಂತರಾಜ ಬಿಲ್ಲೆ ತೆಗೆದುಕೊಂಡ.

ಮತ್ತೆ ಹೇಗೆ ನುಡಿಸಿದ! ಆರತಿ ಹಾಡಿನ ಧಾಟಿ ಕಂಬದಿಂದ ಕಂಬಕ್ಕೆ ಹಾಯ್ದು, ಬಸದಿಯ ಮೂಲೆ ಮೂಲೆ ತುಂಬಿತು. ಹೆಂಗಸರು ತಮಗೇ ಗೊತ್ತಿಲ್ಲದಂತೆ ದನಿಗೂಡಿಸಿದರು. ಗಂಟೆ, ಹಾಡು, ತಂತಿ ಎಲ್ಲ ಒಂದಾಗಿ, ಹಬ್ಬವೆಂದರೆ ಇದು ಅನ್ನುವ ಹಾಗಾಯಿತು. ಅಷ್ಟು ಹೊತ್ತೂ ಅವನಿಗೆ ಆಮೆಯ ನೆನಪು ಬರಲಿಲ್ಲ. ಆನಂದದಲ್ಲಿ ತೇಲಿದ. ಆಮೇಲೆ ಎಷ್ಟೋ ಸಲ ಯೋಚಿಸಿದಾಗ ಅವನನ್ನು ಸುಟ್ಟದ್ದು ಆ ಆನಂದವೇ.

ಆರತಿ ಇಳಿಯಿತು. ಅಭಿಷೇಕದ ಗಂಧೋದಕ ಹಣೆಗೆ ಹಚ್ಚಿಕೊಂಡು ಧರಣಪ್ಪನವರು ನೇರ ಇವನ ಹತ್ತಿರ ಬಂದರು. ಬಿಗಿಯ ಮುಖ ಎಂದೂ ಇಲ್ಲದಂತೆ ಸಡಿಲವಾಗಿತ್ತು.

"ಭೇಷ್ ಕಣಯ್ಯ! ಹುಟ್ಟಿದಾಗಿಂದ ಕರಟ ನೋಡ್ತಿದೀನಿ, ಅದರೊಳಗೆ ಇಷ್ಟು ನಾದ ಇದೆ ಅಂತ ಗೊತ್ತಿರ್ಲಿಲ್ಲ. ಎಲ್ಲಿ, ಕೊಡು ನೋಡೋಣ."

ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಕಡೆ ಎತ್ತಿದರು. ಬೆಳಕು ಅದರೊಳಗಿಂದ ಹಾಯ್ದು, ಜೇನಿನ ಬಣ್ಣದ ಮಚ್ಚೆಗಳು ಕಂಡವು. ತೆಂಗಿನ ವ್ಯಾಪಾರದಲ್ಲಿ ಕೂದಲು ನರೆತವರಿಗೆ ಇನ್ನೇನು ಹೇಳಬೇಕು? ಕರಟದೊಳಗೆ ಬೆಳಕು ಹಾಯುವುದಿಲ್ಲ.

"ಇದು ಕರಟ ಅಲ್ಲ," ಅಂದರು. ದನಿ ತಗ್ಗಿತ್ತು. "ಏನಿದು ಅನಂತರಾಜ?"

ಸುತ್ತ ಇದ್ದವರು ಹತ್ತಿರಕ್ಕೆ ಸರಿದರು.

"ಆಮೆ... ಆಮೆಚಿಪ್ಪು."

ಯಾರೋ "ಅಯ್ಯೋ" ಅಂದರು. ಧರಣಪ್ಪನವರು ಬಿಲ್ಲೆಯನ್ನು ಕೆಂಡ ಮುಟ್ಟಿದವರಂತೆ ಚಾಪೆಯ ಮೇಲೆ ಹಾಕಿದರು.

"ನಿನಗೆ ಗೊತ್ತಿತ್ತೋ? ಗೊತ್ತಿದ್ದೂ ಕರಟ ಅಂತ ಹೇಳಿ ಬಸದಿ ಒಳಗೆ ತಂದ್ಯೋ?"

ಅನಂತರಾಜ ತಲೆ ತಗ್ಗಿಸಿದ. ಕಂಬದಲ್ಲಿ ಅವನ ಸೊಟ್ಟ ಮುಖ ಅವನನ್ನೇ ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಪಕ್ಕದಿಂದ ಧರ್ಮಾವತಮ್ಮನ ದನಿ ಕೇಳಿತು.

"ಅವನನ್ನ ಏನೂ ಅನ್ಬೇಡಿ ಧರಣಪ್ಪನೋರೆ. ಇದು ಆಮೆಚಿಪ್ಪು ಅಂತ ಅವನು ಮೊದಲ ದಿವಸಾನೇ ನನಗೆ ಹೇಳಿದ್ದ. ಬಸದೀಲಿ ಅವನು ನುಡಿಸ್ಲಿ ಅನ್ನೋ ಆಸೆಗೆ ಕರಟ ಅಂತ ಹೇಳ್ಕೊಂಡು ಬಂದೋಳು ನಾನು. ಇವತ್ತೂ ಅವನು ಮನೇಲೇ ಬಿಟ್ಟು ಬಂದಿದ್ದ. ಸೆರಗಲ್ಲಿ ಕಟ್ಕೊಂಡು ತಂದೋಳೂ ನಾನೇ, ನೀವೇ ನೋಡಿದ್ರಲ್ಲ."

ಎಲ್ಲರ ಕಣ್ಣೂ ಅನಂತರಾಜನನ್ನು ಬಿಟ್ಟು ಅತ್ತೆಯ ಮೇಲೆ ಹೋಯಿತು. ಆಗ ಅವನಿಗೆ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಅವನಿಗೆ ಉಸಿರು ಬಂತು. ಬದುಕಿದೆ ಅನ್ನಿಸಿತು. ಒಂದು ಗಳಿಗೆಯಷ್ಟೇ. ಆಮೇಲೆ ಅತ್ತೆ ಏನು ಮಾಡಿದರೆಂದು ಅರ್ಥವಾಗಿ, ಬಾಯಿ ತೆರೆದ. ಧರ್ಮಾವತಮ್ಮ ಅವನ ಕಡೆ ಒಂದು ಸಲ ನೋಡಿದರು. ಅವನು ಬಾಯಿ ಮುಚ್ಚಿದ.

"ನೋಂಪಿ ಹಿಡಿದ ಹೆಂಗಸು ನೀವು!" ಅಂದರು ಧರಣಪ್ಪನವರು. ಇನ್ನೇನೋ ಹೇಳಹೋಗಿ ಆ ಬಾಡಿದ ಮುಖ ನೋಡಿ ತಡೆದುಕೊಂಡರು. ಪುರೋಹಿತರನ್ನು ಕರೆದು ಶುದ್ಧಿ ಮಾಡಿಸಿ, ಇನ್ನೊಮ್ಮೆ ಅಭಿಷೇಕ ಮಾಡಿಸಿ ಎಂದು ಹೇಳಿ ಹೊರಗೆ ಹೋದರು. ಜಾವಗಲ್ಲಿನ ನೆಂಟರು ಪಾದರಕ್ಷೆ ಹುಡುಕುತ್ತ ತಮ್ಮತಮ್ಮೊಳಗೆ ಗುಸುಗುಸು ಅಂದುಕೊಂಡರು. ಬಾವಿಯ ಹತ್ತಿರ ಕರಟದ ಕಥೆ ಕೇಳಿ ಬೆರಗಾಗಿದ್ದ ಹೆಂಗಸರು ಧರ್ಮಾವತಮ್ಮನನ್ನು ಬಳಸಿಕೊಂಡು ದೂರದಿಂದ ನಡೆದರು. ದಾನಕ್ಕೆಂದು ಜೋಡಿಸಿದ್ದ ತಟ್ಟೆಗಳು ಹಾಗೇ ಉಳಿದವು. ಶುದ್ಧಿ ಮುಗಿದ ಮೇಲೆ ಅವನ್ನು ಕೊಡಿರೆಂದು ಪುರೋಹಿತರು ಹೇಳಿದರೂ ಧರ್ಮಾವತಮ್ಮ ಈ ವರ್ಷ ಬೇಡ ಅಂದುಬಿಟ್ಟರು.

ಮನೆಗೆ ಹೊರಟಾಗ ಅತ್ತೆ ಬಿಲ್ಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಮನೆಯ ದಾರಿ ಬಿಟ್ಟು ಕೆರೆಯ ಕಡೆ ತಿರುಗಿದರು. ಅನಂತರಾಜ ಮ್ಯಾಂಡೊಲಿನ್ ಹೊತ್ತು ಹಿಂದೆ ಹಿಂದೆ ಹೋದ. ಕೆರೆ ತುಂಬಿತ್ತು. ಧರ್ಮಾವತಮ್ಮ ಮೆಟ್ಟಿಲಿಳಿದು ಬಗ್ಗಿ ಬಿಲ್ಲೆಯನ್ನು ನೀರಿಗೆ ಬಿಟ್ಟರು. ಹಿಂದೆ ಆಮೆಗೆ ಹೇಳಿದ್ದ ಮಾತನ್ನು ಈ ಸಲ ಹೇಳಲಿಲ್ಲ.

"ಅತ್ತೆ, ಯಾಕೆ ಹಂಗೆ ಹೇಳ್ದೆ?"

"ನಿನ್ನ ಮುಖ ನೋಡಕ್ಕಾಗ್ಲಿಲ್ಲ ಕಣೋ."

"ಆಮೆಚಿಪ್ಪಿಗೆ ಶುದ್ಧಿ ಆಯ್ತಲ್ಲ ಅತ್ತೆ. ದಾನ ಕೊಟ್ಟಿದ್ರೆ ನೋಂಪಿ ಮುಗೀತಿತ್ತು."

"ಆಮೆಚಿಪ್ಪಿಗೆ ಆಯ್ತು," ಅಂದರು ಧರ್ಮಾವತಮ್ಮ, ಸೆರಗು ಹಿಂಡುತ್ತ. "ನಾನು ಉಪವಾಸ ಇದ್ದು, ಸ್ವಾಮಿ ಎದುರಿಗೆ ನಿಂತು ಸುಳ್ಳು ಹೇಳಿದ್ನಲ್ಲ, ಅದಕ್ಕೆ? ಮುಂದಿನ ಭಾದ್ರಪದಕ್ಕೆ ಮೊದಲಿಂದ ಹಿಡೀತೀನಿ ಬಿಡು."

ಮೊದಲಿಂದ. ಅತ್ತೆಗೆ ಆಗಲೇ ಅರವತ್ತರ ಹತ್ತಿರ. ಅನಂತರಾಜ ಮನಸ್ಸಿನಲ್ಲಿ ಕೂಡಿಸಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ.

ಮಾರನೆಯ ಬೆಳಿಗ್ಗೆ ಅವನು ಧರಣಪ್ಪನವರ ಮನೆಗೆ ಹೋದ. ಅವರು ಹಜಾರದಲ್ಲಿ ಕೂತಿದ್ದರು. ಕೂರು ಅನ್ನಲಿಲ್ಲ. ಅನಂತರಾಜ ನಿಂತೇ, ನಮ್ಮತ್ತೆಗೆ ಏನೂ ಗೊತ್ತಿರಲಿಲ್ಲ, ಸುಳ್ಳು ಹೇಳಿದವನು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿದ.

"ಗೊತ್ತು," ಅಂದರು ಧರಣಪ್ಪನವರು. "ಧರ್ಮಾವತಮ್ಮನಿಗೆ ಸುಳ್ಳು ಹೇಳಿ ರೂಢಿ ಇಲ್ಲ. ಹೇಳುವಾಗ ಸ್ವಾಮಿ ಕಡೆ ತಿರುಗಲೇ ಇಲ್ಲ."

"ಎಲ್ಲರ ಮುಂದೆ ಹೇಳ್ತೀನಿ ಸ್ವಾಮಿ. ನೀವು ಜನ ಸೇರಿಸಿ."

"ಸೇರಿಸಿ? ಆಮೇಲೆ ಆಯಮ್ಮ ಬಸದೀಲಿ ನಿಂತು ಸುಳ್ಳು ಹೇಳಿದ್ರು ಅಂತ ಸಾರೋದಾ? ಈಗ ಹುಡುಗನ ಆಸೆಗೆ ತಪ್ಪು ಮಾಡಿದೋರು ಅಂತಾರೆ. ಆಗ ನೋಂಪಿ ಹಿಡಿದು ಸ್ವಾಮಿ ಎದುರಿಗೇ ಸುಳ್ಳಾಡಿದೋರು ಅಂತಾರೆ." ಅವರು ಎದ್ದು ನಿಂತರು. "ಹೇಳೋ ಹೊತ್ತು ನಿನ್ನೆ ಇತ್ತು ಕಣಯ್ಯ. ಇವತ್ತು ಬಂದು ನಿನ್ನ ಎದೆ ಹಗುರ ಮಾಡ್ಕೊಂಡು ಹೋಗ್ಬೇಡ. ಹೊತ್ಕೊಂಡಿರು."

ಹೊತ್ತುಕೊಂಡೇ ಇದ್ದ. ಅರಸೀಕೆರೆಯ ಮಂಡಿಯಲ್ಲಿ ಕರಟದ ರಾಶಿ ಕಂಡರೆ ಮುಖ ತಿರುಗಿಸುತ್ತಿದ್ದ. ಮ್ಯಾಂಡೊಲಿನ್ನನ್ನು ಬಟ್ಟೆ ಸುತ್ತಿ ಊರಿನ ಮನೆಯ ಅಟ್ಟಕ್ಕೆ ಹಾಕಿದ್ದ. ಅದರ ಮೇಲೆ ಧೂಳು ಕೂತಿತು. ಊರಿಗೆ ಬಂದಾಗ ಅತ್ತೆ ಅದರ ಸುದ್ದಿ ಎತ್ತಲಿಲ್ಲ. ಅನ್ನ ಬಡಿಸಿದರು, ತಲೆಗೆ ಎಣ್ಣೆ ಹಚ್ಚಿದರು, ಒಂದು ದಿನವೂ ಅವನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಮುಂದಿನ ಭಾದ್ರಪದದ ಚತುರ್ದಶಿ ಬಂತು. ಧರ್ಮಾವತಮ್ಮ ತಲೆಗೆ ನೀರು ಹಾಕಿಕೊಂಡು, ಹೊಸ ದಾರ ಕಟ್ಟಿಕೊಂಡು, ಮನೆಯ ದೇವರ ಮುಂದೆ ಹಣತೆ ಹಚ್ಚಿದರು. ಈ ವರ್ಷ ಬೇರೆ ಯಾರೂ ಬಂದಿರಲಿಲ್ಲ. ಮೊದಲನೆಯ ವರ್ಷದ ನೋಂಪಿಗೆ ಯಾರೂ ಬರುವುದಿಲ್ಲ.

"ಅನಂತೂ," ಅಂದರು, "ಆ ಧಾಟಿ ನುಡಿಸೋ."

"ಬಿಲ್ಲೆ ಇಲ್ಲ ಅತ್ತೆ."

"ಬೆರಳಿದೆಯಲ್ಲ."

"ಬೆರಳಲ್ಲಿ ಬರಲ್ಲ ಅತ್ತೆ. ಕೇಳೋದೇ ಇಲ್ಲ."

ಅವರು ಚಾಪೆ ಹಾಸಿಕೊಂಡು ಕೂತರು. ಅನಂತರಾಜ ಅಟ್ಟದಿಂದ ಮ್ಯಾಂಡೊಲಿನ್ ಇಳಿಸಿ, ಧೂಳು ಒರೆಸಿ, ಅವರ ಎದುರು ಕೂತ. ವರ್ಷವಿಡೀ ಮುಟ್ಟದ ತಂತಿ ಬೆರಳ ತುದಿಗೆ ಚುರುಕ್ಕೆಂದಿತು. ಧಾಟಿ ನಡುನಡುವೆ ಮುರಿಯಿತು. ಒಂದೊಂದು ಸ್ವರ ಹುಟ್ಟಿದಲ್ಲೇ ಸತ್ತಿತು. ನಾಚಿಕೆಯಿಂದ ಅವನ ತಲೆ ವಾದ್ಯದ ಮೇಲೆ ಬಾಗಿ ಬಾಗಿ, ಕಣ್ಣೀರು ಮರದ ಮೇಲೆ ಬಿದ್ದರೂ ಒರೆಸಿಕೊಳ್ಳಲು ಕೈ ಬಿಡುವಾಗಲಿಲ್ಲ.

ನಿಲ್ಲಿಸೆಂದು ಅತ್ತೆ ಈಗ ಹೇಳುತ್ತಾರೆ, ಇನ್ನೊಂದು ಗಳಿಗೆಗೆ ಹೇಳುತ್ತಾರೆ ಎಂದು ಕಾದ. ಧರ್ಮಾವತಮ್ಮ ಹೇಳಲಿಲ್ಲ. ಚಾಪೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಒಂದು ಕಿವಿಯನ್ನು ತಂತಿಯ ಕಡೆ ಬಾಗಿಸಿ ಕೂತರು.